ಶಿವನಸಮುದ್ರದ ವಿದ್ಯುದಾಗಾರ: ಒಂದು ವಿಕಿಪೀಡಿಯ ಲೇಖನವನ್ನು ವಾಕ್ಯ ವಾಕ್ಯವಾಗಿ ಬಿಚ್ಚಿ ಕಟ್ಟಿದ ದಾಖಲೆ

ಕನ್ನಡ ವಿಕಿಪೀಡಿಯದಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರವನ್ನು ಕುರಿತು ಹಲವು ವರ್ಷಗಳ ಹಿಂದೆ ನಾನು ಒಂದು ಲೇಖನವನ್ನು ಆರಂಭಿಸಿದ್ದೆ. ಅಲ್ಲಲ್ಲಿ ಸಿಕ್ಕ ಇಂಗ್ಲಿಷ್ ಪಠ್ಯವನ್ನು ಅನುವಾದ ಯಂತ್ರಕ್ಕೆ ಕೊಟ್ಟು, ಬಂದ ಕನ್ನಡವನ್ನು ಒಂದೇ ರಾತ್ರಿ ಕುಳಿತು ಓದುವಂತೆ ತಿದ್ದಿ, ಆ ಪಠ್ಯಗಳ ಅಡಿಟಿಪ್ಪಣಿಗಳಲ್ಲಿ ಒಂದನ್ನೂ ತೆರೆದು ನೋಡದೆ ಹಾಗೆಯೇ ತಂದು ಅಂಟಿಸಿ ಪ್ರಕಟಿಸಿದ್ದೆ. ಅನಂತರ ಅನೇಕರು ಬಂದು ಸಾಲುಗಳನ್ನು ಸೇರಿಸಿದರು, ಕೆಲವರು ಚಿತ್ರಗಳನ್ನು ಹಾಕಿದರು, ಒಬ್ಬರು ಮುಖ್ಯ ವಿವರಗಳನ್ನು ಪಟ್ಟಿಯಾಗಿ ತೋರಿಸುವ ಮಾಹಿತಿ ಚೌಕಟ್ಟನ್ನು ತುಂಬಿದರು; ಲೇಖನ ಉದ್ದವಾಗುತ್ತ ಹೋದಂತೆ ಅದು ಚೆನ್ನಾಗಿಯೇ ಇದೆಯೆಂದು ನಾನು ನಂಬಿಕೊಂಡಿದ್ದೆ. ಈ ವರ್ಷ ಒಂಬತ್ತನೆಯ ತರಗತಿಯಲ್ಲಿರುವ ನನ್ನ ಅಕ್ಕನ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಅದೇ ಲೇಖನವನ್ನು ನೋಡಿ ಬರೆದುಕೊಳ್ಳುತ್ತಿದ್ದವಳು ನಡುವೆ ನಿಲ್ಲಿಸಿ, "ಮಾವ, ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಶುರುವಾಯ್ತು ಅಂತ ನಮ್ಮ ಕ್ವಿಜ್ ಪುಸ್ತಕದಲ್ಲಿದೆ. ಇದು 1902. ಹಾಗಿದ್ರೆ ಇದು ಏಷ್ಯಾಕ್ಕೇ ಮೊದಲನೇದು ಹೇಗಾಗುತ್ತೆ?" ಎಂದು ಕೇಳಿದಳು. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಏಳು ವಾರ ಸಂಜೆಯ ಹೊತ್ತು ಮಾಡಿದ ದುರಸ್ತಿಯ ವಿವರ ಇಲ್ಲಿದೆ.

ಕೈ ಹಚ್ಚುವ ಮೊದಲು ಅಳತೆಗೋಲೊಂದು ಬೇಕಾಗಿತ್ತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳಿಗೆ ದರ್ಜೆ ಕೊಡುವ ಕ್ರಮವಿದೆ. ಕೆಳತುದಿಯಲ್ಲಿ ಚುಟುಕು ಲೇಖನ, ಮೇಲ್ತುದಿಯಲ್ಲಿ ಹಲವರು ಕೂಡಿ ಪರಿಶೀಲಿಸಿ ಒಪ್ಪಿದ ವಿಶೇಷ ಲೇಖನ. ಇವೆರಡರ ನಡುವೆ ಬರುವ 'ಉತ್ತಮ ಲೇಖನ' ಎಂಬ ದರ್ಜೆಯನ್ನು ಬರವಣಿಗೆಯಲ್ಲಿ ಪಾಲುಗೊಳ್ಳದ ಒಬ್ಬನೇ ಪರಿಶೀಲಕ ಕೊಡಬಹುದು, ಅದಕ್ಕೆ ಆರು ಷರತ್ತುಗಳಿವೆ: ಬರಹ ಸ್ಪಷ್ಟವಾಗಿರಬೇಕು, ಹೇಳಿದ್ದೆಲ್ಲವನ್ನೂ ಆಕರದಲ್ಲಿ ಪರಿಶೀಲಿಸಲು ಬರಬೇಕು, ವಿಷಯದ ಮುಖ್ಯ ಮಗ್ಗುಲುಗಳೆಲ್ಲ ಬಂದಿರಬೇಕು, ಪಕ್ಷಪಾತ ಇರಬಾರದು, ದಿನವೂ ಜಗಳದಿಂದ ಬದಲಾಗುತ್ತಿರಬಾರದು, ಸಾಧ್ಯವಿದ್ದರೆ ತಕ್ಕ ಚಿತ್ರಗಳಿರಬೇಕು. ನಮ್ಮ ಕನ್ನಡದ ಸಮುದಾಯ ಚಿಕ್ಕದು. ಕನ್ನಡ ವಿಕಿಪೀಡಿಯದ ಸದಸ್ಯರು ಸೇರಿ ಚರ್ಚಿಸುವ ಪುಟವಾದ ಅರಳಿಕಟ್ಟೆಯಲ್ಲಿ ಕೇಳಿದರೆ ಒಬ್ಬಿಬ್ಬರು ನೆರವಿಗೆ ಬರುತ್ತಾರೆಯೇ ಹೊರತು ಸಾಲುಗಟ್ಟಿ ಕಾದಿರುವ ಪರಿಶೀಲಕರಿಲ್ಲ. ಆದ್ದರಿಂದ ಈ ಆರನ್ನೇ ಹಿಡಿದು ಮೊದಲ ಪರಿಶೀಲನೆಯನ್ನು ನಾನೇ ಮಾಡಿ, ಅದನ್ನು ಚರ್ಚಾ ಪುಟದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟು, ಕೊನೆಗೆ ಬೇರೊಬ್ಬರಿಂದ ನೋಡಿಸುವುದೆಂದು ನಿಶ್ಚಯಿಸಿದೆ.

ಕೆಲಸದ ವಿಧಾನವನ್ನು ನಾನು ಒಂದು ಹಳೆಯ ಹೋಲಿಕೆಯಿಂದ ಕಲಿತೆ. 2005ರಲ್ಲಿ ನೇಚರ್ ಪತ್ರಿಕೆ ವಿಜ್ಞಾನದ 42 ವಿಷಯಗಳ ಮೇಲೆ ವಿಕಿಪೀಡಿಯದ ಮತ್ತು ಬ್ರಿಟಾನಿಕಾ ವಿಶ್ವಕೋಶದ ಬರಹಗಳನ್ನು ತಜ್ಞರಿಗೆ ಕೊಟ್ಟು, ಯಾವುದು ಎಲ್ಲಿಯದೆಂದು ತಿಳಿಸದೆ, ತಪ್ಪುಗಳನ್ನು ಎಣಿಸಿಸಿತು. ಸರಾಸರಿಯಲ್ಲಿ ವಿಕಿಪೀಡಿಯದ ಲೇಖನಕ್ಕೆ ನಾಲ್ಕು, ಬ್ರಿಟಾನಿಕಾದ ಲೇಖನಕ್ಕೆ ಮೂರು ತಪ್ಪುಗಳು ಸಿಕ್ಕವು. ಬ್ರಿಟಾನಿಕಾ ಆ ಲೆಕ್ಕವನ್ನು ಮರುವರ್ಷ ಬಲವಾಗಿ ಅಲ್ಲಗಳೆಯಿತು. ಯಾರು ಗೆದ್ದರೆಂಬುದಕ್ಕಿಂತ ಅಲ್ಲಿ ತಪ್ಪುಗಳನ್ನು ಒಂದೊಂದಾಗಿ ಎಣಿಸಿದರೆಂಬುದು ನನಗೆ ಮುಖ್ಯವಾಗಿ ಕಂಡಿತು. ಒಟ್ಟಾರೆ ಚೆನ್ನಾಗಿದೆ, ಒಟ್ಟಾರೆ ಸಾಲದು ಎಂಬ ಮಾತಿನಿಂದ ಯಾವ ಲೇಖನವೂ ದುರಸ್ತಿಯಾಗುವುದಿಲ್ಲ.

ಮೊದಲ ಸಂಜೆ ಲೇಖನವನ್ನು ನನ್ನ ಪ್ರಯೋಗಪುಟಕ್ಕೆ ನಕಲಿಸಿಕೊಂಡು, ಪೂರ್ಣವಿರಾಮ ಬಂದಲ್ಲೆಲ್ಲ ಕತ್ತರಿಸಿ, ಒಂದು ವಾಕ್ಯಕ್ಕೆ ಒಂದು ಸಾಲಿನಂತೆ ಪಟ್ಟಿ ಮಾಡಿದೆ. 61 ವಾಕ್ಯಗಳಾದವು. ಪ್ರತಿ ಸಾಲಿನ ಮುಂದೆ ಮೂರು ಕಾಲಂ: ಯಾವ ಆಕರವನ್ನು ಕೊಟ್ಟಿದೆ, ಆ ಆಕರ ಈ ಮಾತನ್ನು ನಿಜವಾಗಿಯೂ ಹೇಳುತ್ತದೆಯೇ, ಏನು ಮಾಡಬೇಕು. 23 ವಾಕ್ಯಗಳಿಗೆ ಉಲ್ಲೇಖವೇ ಇರಲಿಲ್ಲ. ಉಳಿದ 38ರಲ್ಲಿ 17 ಮಾತ್ರ ಆಕರದೊಂದಿಗೆ ಪೂರ್ತಿ ಹೊಂದಿಕೊಂಡವು; ಒಂಬತ್ತರಲ್ಲಿ ಅರ್ಧ ಮಾತು ಆಕರದ್ದು, ಅರ್ಧ ನನ್ನದು; ಐದು ಆಕರಗಳಲ್ಲಿ ಆ ಸಂಗತಿಯ ಸುಳಿವೇ ಇರಲಿಲ್ಲ; ಏಳು ಕೊಂಡಿಗಳು ತೆರೆಯಲೇ ಇಲ್ಲ. ಈ ಎಣಿಕೆ ಮುಗಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಉಲ್ಲೇಖವಿಲ್ಲದ 23 ವಾಕ್ಯಗಳಿಗಿಂತ ಉಲ್ಲೇಖವಿದ್ದೂ ಆಧಾರವಿಲ್ಲದವು ಹೆಚ್ಚು ಅಪಾಯಕಾರಿ. ಉಲ್ಲೇಖವಿಲ್ಲದ ಮಾತನ್ನು ಓದುಗನು ಸಂಶಯದಿಂದಲಾದರೂ ನೋಡುತ್ತಾನೆ, ಪಕ್ಕದಲ್ಲಿ ಪುಟ್ಟ ಅಂಕಿಯೊಂದು ಕುಳಿತಿದ್ದರೆ ಯಾರೋ ಪರೀಕ್ಷಿಸಿದ್ದಾರೆಂದು ನಂಬಿಬಿಡುತ್ತಾನೆ.

ಮೊದಲು ಕೈಗೆತ್ತಿಕೊಂಡದ್ದು ಅಕ್ಕನ ಮಗಳು ಬೆರಳಿಟ್ಟು ತೋರಿಸಿದ ವಾಕ್ಯವನ್ನೇ: "ಇದು ಏಷ್ಯಾದ ಮೊದಲ ಜಲವಿದ್ಯುದಾಗಾರ." ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನ 130 ಕಿಲೋವಾಟ್ ಸಾಮರ್ಥ್ಯದ ಆಗಾರ 1897ರ ನವೆಂಬರ್‌ನಲ್ಲಿ ಆರಂಭವಾಯಿತು. ಜಪಾನಿನ ಕ್ಯೋಟೋದಲ್ಲಿ ಬಿವಾ ಸರೋವರದ ಕಾಲುವೆಯ ನೀರಿನಿಂದ ನಡೆಯುವ ಕೇಗೆ ಆಗಾರ ಅದಕ್ಕೂ ಮೊದಲು, 1891ರಲ್ಲೇ, ವಿದ್ಯುತ್ ಕೊಡತೊಡಗಿತ್ತು. ಹಾಗಾದರೆ 'ಏಷ್ಯಾದ ಮೊದಲ' ಎಂಬ ಮಾತು ನನ್ನ ಲೇಖನಕ್ಕೆ ಎಲ್ಲಿಂದ ಬಂತೆಂದು ತಿಳಿಯಲು ಇತಿಹಾಸ ಪುಟದಲ್ಲಿ ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ತೆರೆದೆ. ಮೊದಲ ಆವೃತ್ತಿಯಲ್ಲಿ ಯಂತ್ರ ಕೊಟ್ಟ ವಾಕ್ಯ "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದಾಗಿದೆ" ಎಂದಿತ್ತು. 'ಮೊದಲವುಗಳಲ್ಲಿ ಒಂದು' ಎಂಬುದು ಕನ್ನಡದ ಕಿವಿಗೆ ಒಗ್ಗುವ ಮಾತಲ್ಲ. ಮೊದಲನೆಯದು ಯಾವಾಗಲೂ ಒಂದೇ. ಹದಿನೈದು ನಿಮಿಷಗಳ ನಂತರದ ಆವೃತ್ತಿಯಲ್ಲಿ ನಾನು ಆ ಒರಟನ್ನು ಸವರಿ, "ಏಷ್ಯಾದ ಮೊದಲ ಜಲವಿದ್ಯುದಾಗಾರ" ಎಂದು ಚೊಕ್ಕಟ ಮಾಡಿದ್ದೆ. ಸವರುವಾಗ ಹೋದದ್ದು ಒರಟು ಮಾತ್ರವಲ್ಲ, ನಿಜವೂ ಹೋಯಿತು.

ಈ ಒಂದು ಸಾಲು ಇಡೀ ದುರಸ್ತಿಯ ಕ್ರಮವನ್ನೇ ಬದಲಿಸಿತು. ಯಂತ್ರಾನುವಾದದ ಲೇಖನ ಕೈಗೆ ಬಂದಾಗ ಎಲ್ಲರೂ ಮೊದಲು ಭಾಷೆಯನ್ನು ತಿದ್ದುತ್ತೇವೆ, ಅದೇ ಕಣ್ಣಿಗೆ ಚುಚ್ಚುವುದರಿಂದ. ಆದರೆ ಭಾಷೆ ನಯವಾದ ಮೇಲೆ ಒಳಗಿನ ತಪ್ಪು ಕಾಣುವುದಿಲ್ಲ. ಆದ್ದರಿಂದ ಭಾಷೆಯನ್ನು ಕಡೆಗೆ ಮುಟ್ಟಬೇಕು. ಸಂಗತಿ ನಿಂತ ನಂತರ, ಆಕರವನ್ನು ಮುಚ್ಚಿಟ್ಟು, ಆ ಸಂಗತಿಯನ್ನು ಕನ್ನಡದಲ್ಲಿ ಹೊಸದಾಗಿ ಹೇಳಬೇಕು. ಹಾಗೆ ಹೇಳಿದ ಮೇಲೆ ಮತ್ತೊಮ್ಮೆ ಆಕರವನ್ನು ತೆರೆದು ಹೋಲಿಸಬೇಕು.

'ಮೊದಲ' ಎಂಬ ಪದವನ್ನು ಹುಡುಕುತ್ತ ಹೋದರೆ ಇನ್ನೂ ಎರಡು ಸಿಕ್ಕವು. ಕೋಲಾರದ ಚಿನ್ನದ ಗಣಿಗಳಿಗೆ ಎಳೆದ ಪ್ರಸರಣ ಮಾರ್ಗ 'ಅಂದಿನ ಜಗತ್ತಿನಲ್ಲೇ ಅತಿ ಉದ್ದದ್ದು, ಮೊದಲನೆಯದು' ಎಂದು ಒಂದು ವಾಕ್ಯ ಹೇಳುತ್ತಿತ್ತು. ಮಾರ್ಗದ ಉದ್ದ ಸುಮಾರು 92 ಮೈಲಿ. ಕ್ಯಾಲಿಫೋರ್ನಿಯಾದ ಕೋಲ್ಗೇಟ್ ಆಗಾರದಿಂದ ಓಕ್ಲೆಂಡ್ ನಗರಕ್ಕೆ 1901ರಲ್ಲೇ ಸುಮಾರು 140 ಮೈಲಿ ದೂರ ವಿದ್ಯುತ್ ಹರಿದಿತ್ತು. ಬೆಂಗಳೂರು 1905ರ ಆಗಸ್ಟ್ 5ರಂದು ವಿದ್ಯುದ್ದೀಪ ಕಂಡ 'ಏಷ್ಯಾದ ಮೊದಲ ನಗರ' ಎಂಬುದು ಮೂರನೆಯದು. ತಾರೀಖು ಸರಿಯಾದದ್ದೇ, ಆದರೆ ಕಲ್ಕತ್ತೆಯಲ್ಲಿ 1899ರಲ್ಲೇ ವಿದ್ಯುತ್ ಸರಬರಾಜು ಕಂಪನಿಯೊಂದು ಕೆಲಸ ಮಾಡುತ್ತಿತ್ತು, ಟೋಕಿಯೊದ ಗಿಂಜಾದಲ್ಲಿ 1882ರಲ್ಲೇ ವಿದ್ಯುತ್ತಿನ ದೀಪ ಉರಿದಿತ್ತು. ಮೂರು ಮಾತುಗಳನ್ನೂ ತೆಗೆದೆ. ಮಳವಳ್ಳಿಯ ಕಡೆಯವನಾದ ನನಗೆ ತೆಗೆಯುವಾಗ ಕೈ ಹಿಂಜರಿದದ್ದು ನಿಜ. ಆದರೆ ಉಳಿದ ಸಂಗತಿಗೆ ಯಾವ ಅಲಂಕಾರವೂ ಬೇಕಿರಲಿಲ್ಲ: ಮೊದಲ ಹಂತದಲ್ಲಿ 720 ಕಿಲೋವಾಟಿನ ಆರು ಯಂತ್ರಗಳು, ಒಟ್ಟು 4,320 ಕಿಲೋವಾಟ್, ಅಂದರೆ ಸಿದ್ರಾಪೊಂಗ್‌ನ ಸುಮಾರು 33 ಪಟ್ಟು, ಆ ವಿದ್ಯುತ್ತು 1902ರ ಜೂನ್ 30ರಂದು 92 ಮೈಲಿ ದಾಟಿ ಗಣಿಗಳಿಗೆ ತಲುಪಿತು. ಸ್ವಂತ ಸಂಶೋಧನೆಯನ್ನು ವಿಕಿಪೀಡಿಯ ಒಪ್ಪುವುದಿಲ್ಲವಾದರೂ ಇಂಥ ಸರಳ ಗುಣಾಕಾರ ಭಾಗಾಕಾರಕ್ಕೆ ಅದರ ನಿಯಮದಲ್ಲೇ ಅವಕಾಶವಿದೆ. ಹಾಗೆಯೇ ಮೈಲಿಯನ್ನು ಕಿಲೋಮೀಟರಿಗೆ ನಾನೇ ಪರಿವರ್ತಿಸಿ 'ಸುಮಾರು 148' ಎಂದು ಬರೆದೆ. ಬೇರೆಯವರು ಪರಿವರ್ತಿಸಿದ ಅಂಕಿಯನ್ನು ಎರವಲು ತಂದರೆ ಅವರು ಎಲ್ಲಿಂದ ಎಲ್ಲಿಗೆ ಅಳೆದರೆಂಬ ಪ್ರಶ್ನೆ ಉಳಿದುಬಿಡುತ್ತದೆ.

ಎರಡನೆಯ ವಾರದಲ್ಲಿ ಸಿಕ್ಕ ದೋಷವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಪರಿಶೀಲನೆಗೆ ಕೂತವರು ಇದರಲ್ಲೇ ಹೆಚ್ಚು ಮೋಸಹೋಗುತ್ತಾರೆ. "ಏಷ್ಯಾದ ಮೊದಲ" ಎಂಬ ವಾಕ್ಯಕ್ಕೆ ಕನ್ನಡ ಪತ್ರಿಕೆಯೊಂದರ ಬರಹವನ್ನು ಆಕರವಾಗಿ ಕೊಡಲಾಗಿತ್ತು. ಕೊಂಡಿ ತೆರೆಯಿತು, ಬರಹದಲ್ಲಿ ಆ ಮಾತು ಸ್ಪಷ್ಟವಾಗಿಯೇ ಇತ್ತು. ಪಟ್ಟಿಯಲ್ಲಿ 'ಇದೆ' ಎಂದು ಗುರುತು ಹಾಕಿ ಮುಂದಕ್ಕೆ ಹೋಗಬಹುದಾಗಿತ್ತು. ಆದರೆ ಆ ಬರಹದ ನಡುವೆ "ನೀರಿನ ಬೀಳುವಿಕೆಯ ಬಲವನ್ನು ಬಳಸಿ ಗಣಿಯ ಹಸಿವನ್ನು ತಣಿಸಲಾಯಿತು" ಎಂಬ ಒಂದು ವಾಕ್ಯ ಕಂಡಿತು. ಅಂಥ ವಾಕ್ಯವನ್ನು ಯಾರೂ ಎರಡನೆಯ ಬಾರಿ ಸ್ವತಂತ್ರವಾಗಿ ಬರೆಯಲಾರರು. ಅದು ನಾನು ಆ ರಾತ್ರಿ ಬರೆದದ್ದು, ಅಕ್ಷರವೂ ಬದಲಾಗಿರಲಿಲ್ಲ. ಇತಿಹಾಸ ಪುಟದ ತಾರೀಖನ್ನೂ ಪತ್ರಿಕೆಯ ತಾರೀಖನ್ನೂ ಪಕ್ಕಪಕ್ಕ ಇಟ್ಟೆ. ಲೇಖನ ಪ್ರಕಟವಾದ ಎರಡು ವರ್ಷಗಳ ನಂತರ ಪತ್ರಿಕೆಯ ಬರಹ ಬಂದಿತ್ತು, ಇನ್ನೊಂದು ವರ್ಷದ ನಂತರ ಯಾರೋ ಸದುದ್ದೇಶದಿಂದಲೇ ಅದನ್ನು ತಂದು ಲೇಖನಕ್ಕೆ ಆಧಾರವಾಗಿ ಜೋಡಿಸಿದ್ದರು. ನನ್ನ ತಪ್ಪು ಊರು ಸುತ್ತಿ, ಅಚ್ಚಾದ ಗೌರವ ಪಡೆದು, ನನ್ನ ಬಳಿಗೇ ಸಾಕ್ಷಿಯಾಗಿ ಮರಳಿತ್ತು.

ಆ ದಿನದಿಂದ ಪಟ್ಟಿಗೆ ನಾಲ್ಕನೆಯ ಕಾಲಂ ಸೇರಿತು: ಈ ವಾಕ್ಯ ಲೇಖನಕ್ಕೆ ಬಂದ ದಿನ ಯಾವುದು, ಆಕರ ಪ್ರಕಟವಾದ ದಿನ ಯಾವುದು. ಆಕರವೇ ಕಿರಿಯದಾಗಿದ್ದರೆ ಅದು ಲೇಖನವನ್ನೇ ನೋಡಿ ಬರೆದದ್ದಲ್ಲವೆಂದು ಬೇರೆ ದಾರಿಯಿಂದ ಖಚಿತವಾಗಬೇಕು. ಇದೇ ಕಾಲಂ ಇನ್ನೊಂದು ದೋಷವನ್ನೂ ತಾನಾಗಿಯೇ ಹೊರಹಾಕಿತು. 1902ರ ಉದ್ಘಾಟನೆಯ ವಿವರಕ್ಕೆ ರೈಸ್ ಅವರ ಮೈಸೂರು ಗೆಜೆಟಿಯರ್ ಅನ್ನು ಉಲ್ಲೇಖಿಸಲಾಗಿತ್ತು. ಆ ಗ್ರಂಥದ ಪರಿಷ್ಕೃತ ಆವೃತ್ತಿ ಬಂದದ್ದು 1897ರಲ್ಲಿ. ಐದು ವರ್ಷ ಮುಂಚಿನ ಪುಸ್ತಕ ಮುಂದೆ ನಡೆಯಲಿರುವುದಕ್ಕೆ ಸಾಕ್ಷಿ ಹೇಳಲಾರದು; ಜಲಪಾತದ ವರ್ಣನೆಗೆ ಅದು ಒಳ್ಳೆಯ ಆಕರ, ಆದ್ದರಿಂದ ಅಲ್ಲಿಗೆ ಸಾಗಿಸಿದೆ.

ತೆರೆಯದ ಏಳು ಕೊಂಡಿಗಳ ಕೆಲಸ ಬೇಸರದ್ದಾದರೂ ಸರಳವಾದದ್ದು. ಇಂಟರ್‌ನೆಟ್ ಆರ್ಕೈವ್‌ನ ಹಳೆಯ ಪ್ರತಿಗಳಲ್ಲಿ ಐದು ಸಿಕ್ಕವು. ಅವುಗಳಲ್ಲಿ ಎರಡು ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಪುಟಗಳು. ಆಗ ಪ್ರತಿ ತಾಣಕ್ಕೂ ತನ್ನದೇ ಅಕ್ಷರಶೈಲಿ ಇದ್ದುದರಿಂದ ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಂದಲವೊಂದೇ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಕನ್ನಡವಾಗಿ ಮರಳುತ್ತದೆ, ಆದರೆ ಅರ್ಕಾವತ್ತು ಮತ್ತು ಕೆಲವು ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ. ಅಂಥ ಪಠ್ಯದಿಂದ ಹೆಸರನ್ನಾಗಲಿ ಅಂಕಿಯನ್ನಾಗಲಿ ಎತ್ತಿಕೊಳ್ಳುವಾಗ ಮೂಲ ಪುಟದ ಚಿತ್ರದೊಂದಿಗೆ ಒಮ್ಮೆ ಹೋಲಿಸದೆ ಬರೆಯಬಾರದು. ಉಳಿದ ಎರಡು ಕೊಂಡಿಗಳು ಎಲ್ಲಿಯೂ ಸಿಗಲಿಲ್ಲ, ಅವುಗಳನ್ನು ನೆಚ್ಚಿದ್ದ ವಾಕ್ಯಗಳಿಗೆ ಗ್ರಂಥಾಲಯದಲ್ಲಿ ಅಚ್ಚಿನ ಆಕರ ಹುಡುಕಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಪಠ್ಯ ವಿಕಿಪೀಡಿಯದ ಸೋದರ ತಾಣವಾದ ವಿಕಿಸೋರ್ಸ್‌ನಲ್ಲಿ ಓದಲು ಸಿಗುವುದು ಇಂಥ ಹೊತ್ತಿನಲ್ಲಿ ಎಷ್ಟು ದೊಡ್ಡ ನೆರವೆಂಬುದು ಕೆಲಸಕ್ಕೆ ಕೂತವರಿಗೇ ಗೊತ್ತು.

ಮಾಹಿತಿ ಚೌಕಟ್ಟಿನ ದೋಷ ವಿಚಿತ್ರವಾದದ್ದು, ಏಕೆಂದರೆ ಅದರೊಳಗೆ ಯಾವ ಸಾಲೂ ಸುಳ್ಳಲ್ಲ. 'ಆರಂಭ: 1902' ಎಂದಿತ್ತು, ಅದು ಸರಿ. 'ಸಾಮರ್ಥ್ಯ: 42 ಮೆಗಾವಾಟ್' ಎಂದಿತ್ತು, ಅದೂ ಸರಿ, ಇಂದು ಅಲ್ಲಿ 3 ಮೆಗಾವಾಟಿನ ಆರು ಮತ್ತು 6 ಮೆಗಾವಾಟಿನ ನಾಲ್ಕು ಯಂತ್ರಗಳಿವೆ. ಆದರೆ ಎರಡೂ ಒಂದರ ಕೆಳಗೊಂದು ಕುಳಿತಾಗ 1902ರಲ್ಲೇ 42 ಮೆಗಾವಾಟ್ ಇತ್ತೆಂದು ಓದುಗ ತಿಳಿಯುತ್ತಾನೆ, ಅಕ್ಕನ ಮಗಳು ತನ್ನ ಪ್ರಾಜೆಕ್ಟಿನಲ್ಲಿ ಹಾಗೆಯೇ ಬರೆದಿದ್ದಳು. ಅಂದಿನದು 4.32 ಮೆಗಾವಾಟ್, ಇಂದಿನ ಸುಮಾರು ಹತ್ತನೆಯ ಒಂದು ಪಾಲು. 'ಆರಂಭದ ಸಾಮರ್ಥ್ಯ' ಮತ್ತು 'ಇಂದಿನ ಸಾಮರ್ಥ್ಯ' ಎಂದು ಎರಡು ಸಾಲು ಮಾಡಿದೆ. ಹತ್ತಿರದ ಶಿಂಷಾ ಆಗಾರ 1940ರದ್ದು, 17.2 ಮೆಗಾವಾಟಿನದ್ದು, ಅದರ ಎರಡು ವಾಕ್ಯಗಳು ಇಲ್ಲಿ ಸೇರಿಕೊಂಡಿದ್ದವು, ಅವನ್ನು ಬಿಡಿಸಿ ಹೊರಗಿಟ್ಟೆ.

ವ್ಯಕ್ತಿಗಳ ವಿಭಾಗಕ್ಕೆ ಬಂದಾಗ ಮೂರು ವಾಕ್ಯಗಳು ಕಾಲದ ಲೆಕ್ಕಕ್ಕೆ ನಿಲ್ಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರು 1902ರಲ್ಲಿ ಆಗಾರವನ್ನು ಉದ್ಘಾಟಿಸಿದರೆಂದು ನಾನೇ ಬರೆದಿದ್ದೆ. ಯೋಜನೆಗೆ ಬೆನ್ನೆಲುಬಾಗಿ ನಿಂತವರು ಅವರೇ, ಆದರೆ ಅವರು 1901ರಲ್ಲಿ ಅಧಿಕಾರ ಬಿಟ್ಟರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ವಿದ್ಯುತ್ತು ಕೋಲಾರ ಮುಟ್ಟಿದ್ದನ್ನು ನೋಡಲು ಅವರು ಉಳಿದಿರಲಿಲ್ಲ. ಆಗ ದಿವಾನರಾಗಿದ್ದವರು ಪಿ. ಎನ್. ಕೃಷ್ಣಮೂರ್ತಿ. ಎರಡನೆಯದಾಗಿ, 'ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ' ಎಂಬ ಮಾತು. ಅವರಿಗೆ ಪೂರ್ಣಾಧಿಕಾರ ಬಂದದ್ದು 1902ರ ಆಗಸ್ಟ್ 8ರಂದು, ವಿದ್ಯುತ್ ಹರಿದ 39 ದಿನಗಳ ನಂತರ. ಅಲ್ಲಿಯವರೆಗೆ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದವರು ಅವರ ತಾಯಿ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು. ಅವರ ಹೆಸರು ಲೇಖನದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಈ ಏಳು ವಾರಗಳಲ್ಲಿ ನಾನು ಸೇರಿಸಿದ ವಾಕ್ಯಗಳಲ್ಲಿ ಅತ್ಯಂತ ಸಂತೋಷ ಕೊಟ್ಟದ್ದು ಅವರ ಹೆಸರಿರುವ ವಾಕ್ಯ.

ಮೂರನೆಯದು ಬೇರೊಬ್ಬ ಸದಸ್ಯರು ಪ್ರೀತಿಯಿಂದ ಸೇರಿಸಿದ್ದು: ಈ ಆಗಾರವನ್ನು ಕಟ್ಟಿದವರು ವಿಶ್ವೇಶ್ವರಯ್ಯನವರು ಎಂದು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದದ್ದು 1909ರಲ್ಲಿ, ಆಗಾರ ಕಟ್ಟುವ ಕಾಲದಲ್ಲಿ ಅವರು ಮುಂಬಯಿ ಪ್ರಾಂತದ ಸೇವೆಯಲ್ಲಿದ್ದರು. ಶಿವನಸಮುದ್ರದ ಯೋಜನೆಯನ್ನು ರೂಪಿಸಿದವರು ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ದ ಲೋಬಿನಿಯೇರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಆ ವಾಕ್ಯವನ್ನು ನಾನು ಕೂಡಲೇ ಅಳಿಸಲಿಲ್ಲ. ಬೇರೆಯವರು ಸೇರಿಸಿದ್ದನ್ನು ಕಾರಣ ತಿಳಿಸದೆ ಅಳಿಸಿದರೆ ಅವರು ಕಾರಣ ತಿಳಿಸದೆ ಮರಳಿ ಹಾಕುತ್ತಾರೆ, ಅಲ್ಲಿಗೆ ಸ್ಥಿರತೆಯ ಷರತ್ತು ಮುರಿಯುತ್ತದೆ. ಚರ್ಚಾ ಪುಟದಲ್ಲಿ ತಾರೀಖುಗಳನ್ನು ಇಟ್ಟು, ಈ ನೆನಪು ಎಲ್ಲಿಂದ ಬಂದಿರಬಹುದೆಂಬುದನ್ನೂ ಬರೆದೆ: ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಆಗಾರಕ್ಕೆ ನೀರು ಸಾಲದೆ ಹೋಗುತ್ತಿತ್ತು, ವರ್ಷವಿಡೀ ಒಂದೇ ಸಮನೆ ನೀರು ಒದಗಿಸುವುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು, ವಿಶ್ವೇಶ್ವರಯ್ಯನವರಿಗೂ ಶಿವನಸಮುದ್ರಕ್ಕೂ ಇರುವ ನಿಜವಾದ ನಂಟು ಅದು. ಎರಡು ದಿನಗಳ ನಂತರ ಆ ಸದಸ್ಯರೇ ವಾಕ್ಯವನ್ನು ತೆಗೆದು, ಕನ್ನಂಬಾಡಿಯ ಸಂಗತಿಯನ್ನು ಆಕರಸಹಿತ ಬರೆದರು. ನನ್ನ ವಾಕ್ಯಕ್ಕಿಂತ ಅವರದು ಚೆನ್ನಾಗಿತ್ತು.

ನಾಲ್ಕನೆಯ ವಾರ ಸ್ಥಳಕ್ಕೆ ಹೋಗಿಬಂದೆ. ಗಗನಚುಕ್ಕಿ ಎಂಬ ಶೀರ್ಷಿಕೆಯ ಚಿತ್ರದಲ್ಲಿದ್ದದ್ದು ಭರಚುಕ್ಕಿ. ಆಗಾರವಿರುವುದು ಗಗನಚುಕ್ಕಿಯ ಕಡೆ, ಮಳವಳ್ಳಿಯ ದಂಡೆಯಲ್ಲಿ. ವೀಕ್ಷಣಾ ಕಟ್ಟೆಯಿಂದ ಹೊಸ ಚಿತ್ರ ತೆಗೆದು ವಿಕಿಪೀಡಿಯದ ಚಿತ್ರಗಳ ಭಂಡಾರವಾದ ಕಾಮನ್ಸ್‌ಗೆ ಏರಿಸಿದೆ. ಹಿಂದಿರುಗುವಾಗ ಆಗಾರದಲ್ಲಿ ದುಡಿದು ನಿವೃತ್ತರಾದ ಯಜಮಾನರೊಬ್ಬರು ಚಹಾ ಅಂಗಡಿಯಲ್ಲಿ ಸಿಕ್ಕಿದರು. ಮೇಲಿನಿಂದ ಯಂತ್ರದ ಮನೆಗೆ ಕಂಬಿಯ ಮೇಲೆ ಟ್ರಾಲಿಯಲ್ಲಿ ಇಳಿಯುವ ಬಗೆ, ಮಳೆಗಾಲದಲ್ಲಿ ಮಂಜು ಹೊಗೆಯಂತೆ ತುಂಬಿಕೊಳ್ಳುವ ಬಗೆ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು. ಇದನ್ನು ಲೇಖನಕ್ಕೆ ಸೇರಿಸಲು ಅಚ್ಚಾದ ಆಕರ ಬೇಕೆಂದು ನಾನು ಹೇಳಿದಾಗ, "ನಾವು ಕಣ್ಣಾರೆ ಕಂಡಿದ್ನ ಬರಿಯಾಕೆ ಪುಸ್ತಕ ಯಾಕಪ್ಪ ಬೇಕು?" ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಓದುಗ ಅವರನ್ನು ಚಹಾ ಅಂಗಡಿಯಲ್ಲಿ ಭೇಟಿ ಮಾಡಲಾರ, ಅವರ ಮಾತನ್ನು ಪರಿಶೀಲಿಸಲಾರ ಎಂಬುದಷ್ಟೇ ನಿಯಮದ ಹಿಂದಿರುವ ಕಾರಣ, ಅವರ ಮಾತು ಕಡಿಮೆಯೆಂದಲ್ಲ. ಅವರು ಹೇಳಿದ್ದನ್ನು ಬರೆದುಕೊಂಡು, ಅವರಿಗೇ ಓದಿ ತೋರಿಸಿ, ಸ್ಥಳೀಯ ಸ್ಮರಣಸಂಚಿಕೆಯೊಂದಕ್ಕೆ ಅವರ ಹೆಸರಿನಲ್ಲೇ ಕಳುಹಿಸಿದ್ದೇವೆ.

ಕೊನೆಗೆ ಭಾಷೆ. ವಿದ್ಯುತ್ ಸ್ಥಾವರ (ಇಂಗ್ಲಿಷಿನ 'ಪ್ಲಾಂಟ್') ಒಂದು ಕಡೆ 'ಸಸ್ಯ'ವಾಗಿತ್ತು. ನೀರು ಬೀಳುವ ಎತ್ತರ (ಇಂಗ್ಲಿಷಿನ 'ಹೆಡ್') 'ತಲೆ'ಯಾಗಿತ್ತು. ಆಗಾರದ ವಸತಿಯನ್ನು ಊರಿನವರೆಲ್ಲ ಇಂದಿಗೂ ಬ್ಲಫ್ ಎಂದೇ ಕರೆಯುತ್ತಾರೆ, ಅದು 'ವಂಚನೆ' ಎಂದಾಗಿತ್ತು. ಇವು ಕಣ್ಣಿಗೆ ಬೀಳುವ ತಪ್ಪುಗಳು, ಇವನ್ನು ಯಾರಾದರೂ ಹಿಡಿಯುತ್ತಾರೆ. ಹೆಚ್ಚು ಶ್ರಮ ತೆಗೆದುಕೊಂಡದ್ದು ಕರ್ತೃವಿಲ್ಲದ ವಾಕ್ಯಗಳು. 'ಯೋಜಿಸಲಾಯಿತು', 'ನಿರ್ಧರಿಸಲಾಯಿತು', 'ಆಮದು ಮಾಡಿಕೊಳ್ಳಲಾಯಿತು' ಎಂದು 61 ವಾಕ್ಯಗಳಲ್ಲಿ 29 ಇದ್ದವು. ಒಂದೊಂದನ್ನೂ ಯಾರು ಎಂದು ಕೇಳುತ್ತ ಹೋದಾಗ, ಎಷ್ಟೋ ಕಡೆ ಉತ್ತರ ನನಗೇ ತಿಳಿದಿಲ್ಲವೆಂದು ಗೊತ್ತಾಗಿ ಮತ್ತೆ ಆಕರಕ್ಕೆ ಹೋಗಬೇಕಾಯಿತು. 'ಮಹಾನ್', 'ಅಪ್ರತಿಮ', 'ದೂರದೃಷ್ಟಿಯ' ಎಂಬ ವಿಶೇಷಣಗಳನ್ನು ಬಿಟ್ಟೆ, ಗೌರವದ ಬಹುವಚನವನ್ನು ಎಲ್ಲರಿಗೂ ಒಂದೇ ಸಮನಾಗಿ ಉಳಿಸಿಕೊಂಡೆ. ಶಿವನಸಮುದ್ರ, ಶಿವನ ಸಮುದ್ರ, ಶಿವಸಮುದ್ರ ಎಂಬ ಮೂರು ಬರವಣಿಗೆಗಳಿಗೂ ಪುನರ್ನಿರ್ದೇಶನ ಮಾಡಿದೆ, ಯಾವುದನ್ನು ಹುಡುಕಿದರೂ ಓದುಗ ಇದೇ ಲೇಖನಕ್ಕೆ ಬರುವಂತೆ. ಲೋಬಿನಿಯೇರ್ ಹೆಸರನ್ನು ಕನ್ನಡದಲ್ಲಿ ಹಲವು ಬಗೆಯಲ್ಲಿ ಬರೆಯುವವರಿದ್ದಾರೆ. 'ಲಾಟ್‌ಬಿನಿಯರ್' ಎಂಬ ರೂಪದಲ್ಲಿ ಒತ್ತನ್ನು ತಡೆಯಲು ಹಾಕುವ, ಕಣ್ಣಿಗೆ ಕಾಣದ ಸಂಕೇತ ಇದ್ದರೊಂದು, ಇಲ್ಲದಿದ್ದರೊಂದು ಶೀರ್ಷಿಕೆಯಾಗುವುದರಿಂದ ಎರಡಕ್ಕೂ ಪ್ರತ್ಯೇಕವಾಗಿ ದಾರಿ ಕೊಡಬೇಕಾಯಿತು.

ಪ್ರಸರಣ ಮಾರ್ಗದ ವೋಲ್ಟೇಜ್ ಮಾತ್ರ ಪಟ್ಟು ಸಡಿಲಿಸಲಿಲ್ಲ. ಒಂದು ಆಕರ 30,000 ಎಂದರೆ ಇನ್ನೊಂದು 35,000 ಎನ್ನುತ್ತದೆ. ಇವುಗಳ ಸರಾಸರಿ ತೆಗೆಯುವುದಾಗಲಿ, ನನಗೆ ಹಿಡಿಸಿದ್ದನ್ನು ಆರಿಸುವುದಾಗಲಿ ಪರಿಶೀಲಕನ ಕೆಲಸವಲ್ಲ; ಎರಡನ್ನೂ ಅವುಗಳ ಆಕರದ ಹೆಸರಿನೊಂದಿಗೆ ಕೊಟ್ಟೆ.

ಏಳನೆಯ ವಾರದ ಕೊನೆಯಲ್ಲಿ 58 ವಾಕ್ಯಗಳ ಹೊಸ ಪಠ್ಯವನ್ನು ಒಂದೇ ಏಟಿಗೆ ಹಾಕದೆ, ವಿಭಾಗಕ್ಕೊಂದು ಸಂಪಾದನೆಯಂತೆ, ಪ್ರತಿಯೊಂದಕ್ಕೂ ಸಾರಾಂಶ ಬರೆದು ಏರಿಸಿದೆ. ಹಾಗೆ ಮಾಡಿದರೆ ನನ್ನ ತಪ್ಪು ಸಿಕ್ಕಿದಾಗ ಅದೊಂದನ್ನೇ ಹಿಂದಕ್ಕೆ ತಿರುಗಿಸಬಹುದು. ಇಡೀ ಪಟ್ಟಿಯನ್ನು ಚರ್ಚಾ ಪುಟದಲ್ಲಿ ಇಟ್ಟು ಅರಳಿಕಟ್ಟೆಯಲ್ಲಿ ಪರಿಶೀಲಕರನ್ನು ಕೇಳಿದೆ. ಹತ್ತು ದಿನಗಳ ನಂತರ, ಈ ಲೇಖನವನ್ನು ಮೊದಲು ನೋಡಿರದ ಸದಸ್ಯರೊಬ್ಬರು ಪಟ್ಟಿಯ ಕೆಳಗೆ ಎರಡು ಮಾತು ಬರೆದರು. 1902ರ ಸಂಗತಿ ಹೇಳುವಾಗ 'ಮಂಡ್ಯ ಜಿಲ್ಲೆಯ' ಎಂದು ಬರೆದಿದ್ದೀರಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ ಎಂಬುದು ಒಂದು. ಹೊಳೆಯ ಆಚೆ ದಂಡೆಯ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೈಸೂರು ಮತ್ತು ಮದರಾಸಿನ ನಡುವೆ 1892ರಲ್ಲೇ ನೀರಿನ ಒಪ್ಪಂದವಾಗಿತ್ತು, ಹೀಗಿರುವಾಗ ಎರಡು ಆಡಳಿತಗಳ ಗಡಿಯ ಹೊಳೆಯಲ್ಲಿ ಆಗಾರ ಕಟ್ಟಲು ಅನುಮತಿ ಹೇಗೆ ದೊರೆಯಿತೆಂಬುದರ ಬಗ್ಗೆ ಲೇಖನ ಒಂದು ಸಾಲನ್ನೂ ಹೇಳುವುದಿಲ್ಲ ಎಂಬುದು ಇನ್ನೊಂದು.

ಮೊದಲನೆಯದನ್ನು ಆಗಲೇ 'ಇಂದಿನ ಮಂಡ್ಯ ಜಿಲ್ಲೆಯ' ಎಂದು ತಿದ್ದಿದೆ. ಎರಡನೆಯದಕ್ಕಾಗಿ ಪಟ್ಟಿಯಲ್ಲಿ 59ನೆಯ ಸಾಲನ್ನು ತೆರೆದಿದ್ದೇನೆ. ಆಕರದ ಕಾಲಂ ಇನ್ನೂ ಖಾಲಿಯಿದೆ, ಬರುವ ಶನಿವಾರ ಗ್ರಂಥಾಲಯಕ್ಕೆ ಹೋಗುವಾಗ ಅಕ್ಕನ ಮಗಳೂ ಬರುತ್ತೇನೆಂದಿದ್ದಾಳೆ.